ಲೀಡ್ ಕೊಟ್ಟ ಊರು, ಕೊಡದ ಊರು

2023ರ ಮೇ 13ರಂದು ಜಗಳೂರು ಕ್ಷೇತ್ರದ ಎಣಿಕೆ ಮುಗಿದಾಗ ಕಾಂಗ್ರೆಸ್‌ನ ಬಿ. ದೇವೇಂದ್ರಪ್ಪ ಅವರಿಗೆ 50,765 ಮತ ಬಿದ್ದಿದ್ದವು. ಬಿಜೆಪಿಯ ಎಸ್‌.ವಿ. ರಾಮಚಂದ್ರ ಅವರಿಗೆ 49,891. ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತಿದ್ದ ಎಚ್‌.ಪಿ. ರಾಜೇಶ್ ಅವರಿಗೆ 49,442. ಗೆಲುವಿನ ಅಂತರ ಬರೀ 874. ಒಂದು ದೊಡ್ಡ ಮತಗಟ್ಟೆಯ ಪಟ್ಟಿಯಲ್ಲೇ ಇದಕ್ಕಿಂತ ಹೆಚ್ಚು ಹೆಸರುಗಳಿರುತ್ತವೆ.

ಇಂಥ ಗೆಲುವಿಗೆ ಒಂದು ವಿಚಿತ್ರ ಗುಣವಿದೆ. ಅಂತರ ಮೂವತ್ತು ಸಾವಿರವಾದರೆ ‘ನಮ್ಮಿಂದಲೇ ಗೆದ್ದದ್ದು’ ಎಂದು ಯಾವ ಊರೂ ಎದೆ ತಟ್ಟಿಕೊಳ್ಳಲಾರದು. 874 ಆದಾಗ ಎಲ್ಲ ಊರುಗಳೂ ತಟ್ಟಿಕೊಳ್ಳಬಹುದು. ಆ ಹಟ್ಟಿಯವರು ಇನ್ನೂರು ಲೀಡ್ ಕೊಟ್ಟೆವೆನ್ನುತ್ತಾರೆ, ಈ ತಾಂಡಾದವರು ಮುನ್ನೂರು ಎನ್ನುತ್ತಾರೆ. ಕೂಡಿಸಿ ನೋಡಿದರೆ ಅಭ್ಯರ್ಥಿ ಎರಡು ಕ್ಷೇತ್ರ ಗೆಲ್ಲುವಷ್ಟು ಲೀಡ್ ಚಹಾದಂಗಡಿಯಲ್ಲೇ ಸಿಕ್ಕಿಬಿಡುತ್ತದೆ! ಕ್ರಿಕೆಟ್ ಕಾಮೆಂಟರಿಯಲ್ಲಿ, ಟಿ.ವಿ. ಚರ್ಚೆಗಳಲ್ಲಿ ಮಾತುಮಾತಿಗೆ ಕೇಳಿಬರುವ ‘ಬ್ರ್ಯಾಗಿಂಗ್ ರೈಟ್ಸ್’, ಅಂದರೆ ಜಂಬ ಕೊಚ್ಚಿಕೊಳ್ಳುವ ಹಕ್ಕು, ಈಗ ಹೋಬಳಿ ಮಟ್ಟಕ್ಕೂ ಇಳಿದಿದೆ. ಆಟದಲ್ಲಾದರೆ ಅದು ನಿರುಪದ್ರವಿ. ಹನ್ನೊಂದು ಸೆಂಟಿಮೀಟರ್‌ನಷ್ಟು ಎತ್ತರದ ಬೂದಿಯ ಕುಡಿಕೆಯೊಂದರ ಹೆಸರಿನಲ್ಲಿ ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ ನೂರು ವರ್ಷಕ್ಕೂ ಮೇಲ್ಪಟ್ಟು ಆಶಸ್ ಆಡುತ್ತಾ ಬಂದಿವೆ. ಗೆದ್ದವರು ಜಂಬ ಕೊಚ್ಚಿಕೊಂಡರೆ ಯಾರ ಊರಿನ ನಲ್ಲಿಯೂ ನಿಲ್ಲುವುದಿಲ್ಲ. ಚುನಾವಣೆಯ ಜಂಬ ಹಾಗಲ್ಲ.

ಗೆದ್ದವರ ಮೀಸೆ ಎಷ್ಟು ದಿನ ಮೇಲಿರುತ್ತದೆ ಎಂಬುದಕ್ಕೂ ಜಗಳೂರೇ ಉದಾಹರಣೆ. 2018ರಲ್ಲಿ ರಾಮಚಂದ್ರ ಅವರು 78,948 ಮತ ಪಡೆದು ಕಾಂಗ್ರೆಸ್‌ನಿಂದ ನಿಂತಿದ್ದ ರಾಜೇಶ್ ಅವರನ್ನು 29,221 ಮತಗಳಿಂದ ಸೋಲಿಸಿದ್ದರು. ಐದೇ ವರ್ಷದಲ್ಲಿ ಆ ಲೀಡ್ ಪೂರ್ತಿ ಕರಗಿತು. ಸೋತ ರಾಜೇಶ್ ಅವರ ಲೆಕ್ಕವಂತೂ ಇನ್ನೂ ಕುತೂಹಲದ್ದು: ಪಕ್ಷದ ಚಿಹ್ನೆಯಿದ್ದಾಗ 49,727, ಚಿಹ್ನೆ ಇಲ್ಲದಾಗ 49,442. ಹೆಚ್ಚುಕಡಿಮೆ ಅಷ್ಟೇ ಮತಗಳು. ಆದರೂ ಒಮ್ಮೆ ಅದು ಹೀನಾಯ ಸೋಲು, ಇನ್ನೊಮ್ಮೆ ಕೂದಲೆಳೆಯಲ್ಲಿ ತಪ್ಪಿದ ಗೆಲುವು. 2023ರಲ್ಲಿ ಎರಡನೇ, ಮೂರನೇ ಸ್ಥಾನದವರಿಗೆ ಬಿದ್ದ ಮತಗಳನ್ನು ಕೂಡಿಸಿದರೆ 99,333, ಅಂದರೆ ಗೆದ್ದವರಿಗೆ ಬಿದ್ದುದರ ಹತ್ತಿರ ಹತ್ತಿರ ಎರಡರಷ್ಟು. ಹೀಗಿರುವಾಗ ‘ಜನ ನನ್ನನ್ನು ಒಪ್ಪಿದ್ದಾರೆ’ ಎಂಬ ಮಾತನ್ನು ಯಾರೇ ಆಗಲಿ ಸ್ವಲ್ಪ ತಗ್ಗಿದ ದನಿಯಲ್ಲಿ ಆಡಬೇಕಾಗುತ್ತದೆ.

ದೇವೇಂದ್ರಪ್ಪ ಅವರು ಗೆದ್ದ ಹೊಸದರಲ್ಲಿ ಸುದ್ದಿಯಾದದ್ದು ಬೇರೆ ಕಾರಣಕ್ಕೆ. ಹಿಂದೆ ತಾವು ಜವಾನರಾಗಿದ್ದ ಜಗಳೂರಿನ ಅಮರಭಾರತಿ ವಿದ್ಯಾಸಂಸ್ಥೆಗೆ ಹೋಗಿ ಪೊರಕೆ ಹಿಡಿದು ಕಸ ಗುಡಿಸಿದರು. ಕ್ಯಾಮೆರಾ ಎದುರಿನ ವಿನಯವೂ ಜಂಬದ ಇನ್ನೊಂದು ವೇಷವಲ್ಲವೇ ಎಂದು ಕೇಳುವವರು ಕೇಳಲಿ. ಜೆಸಿಬಿ ಮೇಲಿಂದ ಹೂ ಸುರಿಸಿಕೊಳ್ಳುವುದಕ್ಕಿಂತ, ಕ್ರೇನಿಗೆ ಸೇಬಿನ ಹಾರ ನೇತುಹಾಕುವುದಕ್ಕಿಂತ ಪೊರಕೆ ವಾಸಿ.

ಡಿಜೆ, ಪಟಾಕಿ ಒಂದು ದಿನದ ಗದ್ದಲ. ಮರುದಿನ ಬೆಳಗ್ಗೆ ಬೀದಿ ಗುಡಿಸಿದರೆ ಮುಗಿಯಿತು. ಮುಗಿಯದೆ ಉಳಿಯುವುದು ನಮೂನೆ 20.

ಮತ ಎಣಿಕೆಯ ನಂತರ ಚುನಾವಣಾಧಿಕಾರಿ ಸಿದ್ಧಪಡಿಸುವ ಅಂತಿಮ ಫಲಿತಾಂಶ ಪಟ್ಟಿ ಇದು. ಒಂದೊಂದು ಸಾಲಿಗೆ ಒಂದೊಂದು ಮತಗಟ್ಟೆ, ಅಡ್ಡಕ್ಕೆ ಎಲ್ಲ ಅಭ್ಯರ್ಥಿಗಳ ಮತ, ಕೊನೆಯಲ್ಲಿ ನೋಟಾ. ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ನೋಡಬಹುದು. ಸಣ್ಣ ಹಟ್ಟಿಯೊಂದಕ್ಕೆ ಪ್ರತ್ಯೇಕ ಮತಗಟ್ಟೆಯಿದ್ದರೆ ಆ ಹಟ್ಟಿ ಯಾರ ಕಡೆ ವಾಲಿತು ಎಂಬುದು ಅಂಗೈ ಮೇಲಿನ ನೆಲ್ಲಿಕಾಯಿ. ಮತದಾರನ ಮತ ಗುಪ್ತ, ಊರಿನ ಮತ ಬಯಲು. ಸಿ.ಸಿ. ರಸ್ತೆಗೋ ಕೊಳವೆಬಾವಿಗೋ ಅರ್ಜಿ ಹಿಡಿದು ಹೋದವರಿಗೆ ‘ನಿಮ್ಮೂರಲ್ಲಿ ಎಷ್ಟು ಲೀಡ್ ಕೊಟ್ಟಿದ್ದೀರಿ?’ ಎಂಬ ಪ್ರಶ್ನೆ ಎದುರಾದೀತೆಂಬ ಅಳುಕು ಹುಟ್ಟುವುದು ಇಲ್ಲೇ. ಚನ್ನಗಿರಿಯಾಗಲಿ, ಹೊನ್ನಾಳಿ, ನ್ಯಾಮತಿಯಾಗಲಿ, ಯಾವ ಪಕ್ಷದ ಸರ್ಕಾರವೇ ಇರಲಿ, ಈ ‘ಲೀಡ್’ ಎಂಬ ಪದ ಕೇಳದ ಊರಿಲ್ಲ.

ಇದು ನಮ್ಮ ಕಡೆಯ ರೋಗವಷ್ಟೇ ಅಲ್ಲ. 2019ರ ಲೋಕಸಭಾ ಚುನಾವಣೆಯ ಪ್ರಚಾರದಲ್ಲಿ ಕೇಂದ್ರ ಸಚಿವೆಯಾಗಿದ್ದ ಮೇನಕಾ ಗಾಂಧಿ ಅವರು ಉತ್ತರ ಪ್ರದೇಶದಲ್ಲಿ, ಬಿದ್ದ ಮತಗಳ ಪ್ರಮಾಣ ನೋಡಿ ಊರುಗಳನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತೇವೆ, ಕೆಲಸಗಳೂ ಅದೇ ಕ್ರಮದಲ್ಲಿ ಆಗುತ್ತವೆ ಎಂಬರ್ಥದ ಮಾತನ್ನು ವೇದಿಕೆಯ ಮೇಲೇ ಆಡಿದರು. ಚುನಾವಣಾ ಆಯೋಗ ಅದನ್ನು ಖಂಡಿಸಿತು. ಉಳಿದವರು ಮನಸ್ಸಿನಲ್ಲಿಟ್ಟುಕೊಳ್ಳುವುದನ್ನು ಅವರು ಬಾಯಿಬಿಟ್ಟು ಹೇಳಿದರು, ಅಷ್ಟೇ ವ್ಯತ್ಯಾಸ.

ಮತಪತ್ರಗಳ ಕಾಲದಲ್ಲಿ ಇದಕ್ಕೊಂದು ಮದ್ದಿತ್ತು. ಮತದಾರರನ್ನು ಬೆದರಿಸುವ ಶಂಕೆ ಇದ್ದ ಕಡೆ ಹಲವು ಮತಗಟ್ಟೆಗಳ ಪತ್ರಗಳನ್ನು ಬೆರೆಸಿ ಎಣಿಸಲು ಚುನಾವಣಾ ನಿಯಮ 59ಎ ಅವಕಾಶ ಕೊಟ್ಟಿತ್ತು. ಮತಯಂತ್ರ ಬಂದ ಮೇಲೆ ಯಂತ್ರ ಯಂತ್ರಕ್ಕೂ ಬೇರೆ ಲೆಕ್ಕವಾಯಿತು. ಹದಿನಾಲ್ಕು ಮತಯಂತ್ರಗಳ ಮತವನ್ನು ಒಟ್ಟುಗೂಡಿಸಿ ಒಂದೇ ಸಂಖ್ಯೆಯಾಗಿ ತೋರಿಸುವ ‘ಟೋಟಲೈಸರ್’ ಬಳಸೋಣವೆಂದು ಆಯೋಗ 2008ರಲ್ಲೇ ಪ್ರಸ್ತಾವ ಇಟ್ಟಿತು. 2015ರಲ್ಲಿ ಕಾನೂನು ಆಯೋಗ ತನ್ನ 255ನೇ ವರದಿಯಲ್ಲಿ ಅದನ್ನು ಬೆಂಬಲಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಎಲ್ಲಿ ಕಡಿಮೆ ಮತ ಬಿತ್ತೆಂದು ಗೊತ್ತಾದರೆ ಅಭ್ಯರ್ಥಿಗಳು ಅಲ್ಲಿ ಹೆಚ್ಚು ಕೆಲಸ ಮಾಡುತ್ತಾರೆ ಎಂಬುದು ಅದರ ವಾದ. ಹಳ್ಳಿಯ ಯಾವ ಕಟ್ಟೆಯ ಮೇಲೆ ಈ ವಾದ ಓದಿದರೂ ಜನ ನಗುತ್ತಾರೆ.

ಗೆದ್ದದ್ದು ಯಾರು, ಬೀಗಿದ್ದು ಯಾರು ಎಂಬ ಗೊಂದಲವೇನೂ ಹೊಸದಲ್ಲ. ಗೋಗ್ರಹಣದಲ್ಲಿ ಕೌರವರನ್ನು ಓಡಿಸಿದವನು ಬೃಹನ್ನಳೆ. ಮಗ ಉತ್ತರ ಗೆದ್ದನೆಂದು ಹಿಗ್ಗಿದವನು ವಿರಾಟ. ನಿಜ ಹೇಳಿದ ಕಂಕನ ಮುಖಕ್ಕೆ ಪಗಡೆಯ ದಾಳ ಬಂದು ಬಡಿಯಿತು. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ತುಂಗಭದ್ರೆಯಿಂದ ನೀರೆತ್ತಿ ಜಗಳೂರು ಸೀಮೆಯ 57 ಕೆರೆ ತುಂಬಿಸುವ ಯೋಜನೆಯಲ್ಲೂ ಇದೇ ಕಥೆ. ಸಿರಿಗೆರೆಯ ತರಳಬಾಳು ಶ್ರೀಗಳು ಅದರ ಬೆನ್ನು ಹತ್ತಿದ್ದರು. ಒಂದು ಸರ್ಕಾರ ಮಂಜೂರು ಮಾಡಿತು, ಬೇರೆ ಸರ್ಕಾರಗಳ ಕಾಲದಲ್ಲಿ ಪೈಪು ಹೂಳಲಾಯಿತು. ಬರದ ತಾಲ್ಲೂಕಿಗೆ ಅದು ದೊಡ್ಡ ಸಂಗತಿ. ಅದರ ಶ್ರೇಯ ಒಬ್ಬರದೇ ಎನ್ನುವ ಫ್ಲೆಕ್ಸ್‌ಗೆ ನೆಲದಡಿಯ ಪೈಪೇ ಉತ್ತರ ಕೊಡುತ್ತದೆ: ಅದು ಲೀಡ್ ಕೊಟ್ಟ ಊರನ್ನೂ ಕೊಡದ ಊರನ್ನೂ ದಾಟಿಕೊಂಡೇ ಹೋಗಿದೆ.

ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿದೆ. ಅವುಗಳ ಚುನಾವಣೆಗಳಲ್ಲಿ ಹತ್ತು ಇಪ್ಪತ್ತು ಮತಗಳ ಗೆಲುವು ಅಪರೂಪವೇನಲ್ಲ. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರವನ್ನೇ ಆರ್‌. ಧ್ರುವನಾರಾಯಣ ಅವರು ಒಂದೇ ಒಂದು ಮತದಿಂದ ಗೆದ್ದಿದ್ದರು. ಅಂತರ ಕಿರಿದಾದಷ್ಟೂ ಯಾರು ಹಾಕಿದರು, ಯಾರು ಹಾಕಲಿಲ್ಲ ಎಂಬ ಗುಮಾನಿ ಹಿರಿದಾಗುತ್ತದೆ. ಚುನಾವಣಾ ಆಯೋಗದ ಪ್ರಸ್ತಾವವನ್ನು ಕಪಾಟಿನಿಂದ ಹೊರತೆಗೆದು ಟೋಟಲೈಸರ್‌ಗೆ ಒಪ್ಪಿಗೆ ಕೊಡಿ ಎಂದು ನಮ್ಮ ಶಾಸಕರು, ಸಂಸದರು ಪಕ್ಷಭೇದ ಬಿಟ್ಟು ಕೇಂದ್ರವನ್ನು ಕೇಳಬೇಕು. ಅದಾಗುವವರೆಗೆ, ಕೆಲಸ ಕೇಳಿಕೊಂಡು ಬಂದವರ ಮುಂದೆ ನಮೂನೆ 20 ಬಿಚ್ಚದಿರಲಿ.