ಧ್ವಜವು ಪರೀಕ್ಷೆಯಾಗುವ ಹೊತ್ತು

ಕಳೆದ ನವೆಂಬರ್ 13ರ ರಾತ್ರಿ ವೆಂಬ್ಲಿಯಲ್ಲಿ ಇಂಗ್ಲೆಂಡ್ ತಂಡ ಸರ್ಬಿಯಾವನ್ನು 2–0 ಗೋಲುಗಳಿಂದ ಸೋಲಿಸಿತು. ಹಿಂದಿನ ತಿಂಗಳೇ ವಿಶ್ವಕಪ್‌ಗೆ ಅರ್ಹತೆ ಪಡೆದಿದ್ದ ಇಂಗ್ಲೆಂಡಿಗೆ ಆ ಪಂದ್ಯದಿಂದ ಆಗಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಮೊದಲ ಗೋಲನ್ನು ಬುಕಾಯೊ ಸಾಕಾ ಹೊಡೆದರು, ಎರಡನೆಯದನ್ನು ಎಬೆರೆಚಿ ಎಜೆ. ಇಬ್ಬರೂ ಲಂಡನ್ನಿನಲ್ಲಿ ಹುಟ್ಟಿದವರು. ಇಬ್ಬರ ಮನೆತನದ ಬೇರೂ ನೈಜೀರಿಯಾದಲ್ಲಿದೆ. ಹ್ಯಾರೋದ ನಮ್ಮ ಮನೆಯ ಮಹಡಿಯ ಕಿಟಕಿಯಿಂದ, ಮರಗಳ ಎಲೆ ಉದುರಿದ ಮೇಲೆ, ವೆಂಬ್ಲಿಯ ಬಿಳಿ ಕಮಾನು ಕಾಣುತ್ತದೆ. ಟಿವಿಯಲ್ಲಿ ಪಂದ್ಯ ಮುಗಿದೊಡನೆ ನನ್ನ ಹತ್ತು ವರ್ಷದ ಮಗಳು ಆ ಕಿಟಕಿಗೆ ಓಡಿದಳು. ಅಲ್ಲಿಂದಲೇ ಕೇಳಿದಳು: “ಅಮ್ಮಾ, ವರ್ಲ್ಡ್ ಕಪ್ ಬಂದಾಗ ನಮ್ಮ ಕಿಟಕಿಗೂ ಇಂಗ್ಲೆಂಡ್ ಫ್ಲಾಗ್ ಹಾಕೋಣ್ವಾ?”

ನಾನು ಕೂಡಲೇ ಉತ್ತರಿಸಲಿಲ್ಲ. ಏಕೆ ಉತ್ತರಿಸಲಿಲ್ಲ ಎಂಬುದನ್ನು ನನಗೆ ನಾನೇ ವಿವರಿಸಿಕೊಳ್ಳುವ ಪ್ರಯತ್ನ ಈ ಬರಹ.

ಸಂತ ಜಾರ್ಜನ ಕೆಂಪು ಶಿಲುಬೆಯ ಆ ಧ್ವಜ ಕಳೆದ ಬೇಸಿಗೆಯಲ್ಲಿ ಎರಡು ಬಾರಿ ಲಂಡನ್ನಿನ ಬೀದಿಗಳನ್ನು ತುಂಬಿತು. 2025ರ ಜುಲೈ 29ರಂದು, ಯೂರೋಪಿನ ಪ್ರಶಸ್ತಿ ಗೆದ್ದು ಬಂದ ಇಂಗ್ಲೆಂಡಿನ ಮಹಿಳಾ ತಂಡವನ್ನು ಸ್ವಾಗತಿಸಲು ಸಾವಿರಾರು ಕುಟುಂಬಗಳು ‘ದಿ ಮಾಲ್’ನಲ್ಲಿ ನೆರೆದಿದ್ದವು, ಮಕ್ಕಳ ಕೆನ್ನೆಯ ಮೇಲೆಲ್ಲ ಅದೇ ಧ್ವಜ. ಆಗಸ್ಟಿನಲ್ಲಿ ದೇಶದ ಹಲವೆಡೆ ದೀಪದ ಕಂಬಗಳಿಗೆ ಧ್ವಜ ಕಟ್ಟುವ, ರಸ್ತೆಯ ವೃತ್ತಗಳಿಗೆ ಕೆಂಪು ಬಣ್ಣ ಬಳಿಯುವ ಅಭಿಯಾನ ಹಬ್ಬಿತು. ಸೆಪ್ಟೆಂಬರ್ 13ರಂದು ಟಾಮಿ ರಾಬಿನ್ಸನ್ ಕರೆ ಕೊಟ್ಟ ಮೆರವಣಿಗೆಯಲ್ಲಿ, ಪೊಲೀಸರ ಅಂದಾಜಿನಂತೆ, ಒಂದು ಲಕ್ಷಕ್ಕೂ ಹೆಚ್ಚು ಜನ ಅದೇ ಧ್ವಜ ಹಿಡಿದು ವೈಟ್‌ಹಾಲ್‌ಗೆ ಬಂದರು. ಎರಡು ಸ್ಥಳಗಳ ನಡುವೆ ಹತ್ತು ನಿಮಿಷದ ನಡಿಗೆ. ಎರಡು ದಿನಗಳ ನಡುವೆ ಆರೂವರೆ ವಾರ. ಬಟ್ಟೆ ಒಂದೇ. ಮೊದಲನೆಯ ದಿನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಎರಡನೆಯ ದಿನ ಕೇಂದ್ರ ಲಂಡನ್ನಿಗೆ ಹೋಗಬೇಡವೆಂದು ಗೆಳತಿಯರಿಗೆ ಸಂದೇಶ ಕಳಿಸಿದ್ದೆ.

ಈ ಧ್ವಜ ಎಂದಿನಿಂದಲೂ ಫುಟ್‌ಬಾಲ್ ಧ್ವಜವೇ ಆಗಿತ್ತೆಂದು ಅನೇಕರು ಭಾವಿಸಿದ್ದಾರೆ. ಹಾಗಿಲ್ಲ. ಹಳೆಯ ವೆಂಬ್ಲಿಯ ಹೆಸರೇ ‘ಎಂಪೈರ್ ಸ್ಟೇಡಿಯಂ’. 1924ರ ಬ್ರಿಟಿಷ್ ಸಾಮ್ರಾಜ್ಯದ ವಸ್ತುಪ್ರದರ್ಶನಕ್ಕಾಗಿ ಕಟ್ಟಿದ ಮೈದಾನವದು. ಅದರ ಪಕ್ಕದಲ್ಲೇ ಭಾರತದ ಮಂಟಪವೂ ಇತ್ತು, ವಸಾಹತುಗಳ ಸಂಪತ್ತನ್ನು ಸಾಲಾಗಿ ಜೋಡಿಸಿಡಲು. 1966ರ ಜುಲೈ 30ರಂದು ಅದೇ ಮೈದಾನದಲ್ಲಿ ಇಂಗ್ಲೆಂಡ್ ವಿಶ್ವಕಪ್ ಗೆದ್ದಾಗ ಪ್ರೇಕ್ಷಕರ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಯೂನಿಯನ್ ಜ್ಯಾಕ್. ಆ ವಿಶ್ವಕಪ್‌ನ ಲಾಂಛನವಾಗಿದ್ದ ‘ವಿಲ್ಲಿ’ ಎಂಬ ಸಿಂಹ ತೊಟ್ಟ ಅಂಗಿಯೂ ಅದೇ. ಇಂಗ್ಲೆಂಡ್ ಮತ್ತು ಬ್ರಿಟನ್ ಎರಡೂ ಒಂದೇ ಎಂಬ ಮೈಮರೆವು ಆಗ ಸಹಜವಾಗಿತ್ತು. 1996ರ ಯೂರೋ ಪಂದ್ಯಾವಳಿಯಲ್ಲಿ ಸ್ಕಾಟ್ಲೆಂಡ್ ತಂಡ ವೆಂಬ್ಲಿಗೆ ಎದುರಾಳಿಯಾಗಿ ಬಂದ ಬೇಸಿಗೆಯಲ್ಲಿ ಜಾರ್ಜನ ಶಿಲುಬೆ ಗ್ಯಾಲರಿಗಳನ್ನು ಆವರಿಸಿತು. ಅಂದರೆ ಇಂದು ‘ಸನಾತನ’ವೆಂಬಂತೆ ಬಿಂಬಿತವಾಗುವ ಈ ರೂಢಿಗೆ ನಮ್ಮಲ್ಲಿ ಹಲವರ ವಯಸ್ಸಿಗಿಂತ ಕಡಿಮೆ ಆಯುಸ್ಸು.

ಆ ನಡುವಿನ ಮೂವತ್ತು ವರ್ಷಗಳಲ್ಲಿ ಗ್ಯಾಲರಿಗಳು ಬಲಪಂಥೀಯರ ನೇಮಕಾತಿ ಕೇಂದ್ರಗಳಾಗಿದ್ದವು. 1978ರ ನವೆಂಬರ್‌ನಲ್ಲಿ ವಿವ್ ಆ್ಯಂಡರ್ಸನ್ ಇಂಗ್ಲೆಂಡಿನ ಹಿರಿಯರ ತಂಡಕ್ಕೆ ಆಡಿದ ಮೊದಲ ಕಪ್ಪು ಆಟಗಾರರಾದರು. 1984ರಲ್ಲಿ ಜಾನ್ ಬಾರ್ನ್ಸ್ ರಿಯೊದ ಮರಕಾನಾದಲ್ಲಿ ಬ್ರೆಜಿಲ್ ವಿರುದ್ಧ ಅದ್ಭುತ ಗೋಲು ಹೊಡೆದರು. ಇಂಗ್ಲೆಂಡ್ 2–0 ಗೆದ್ದಿತು. ಆದರೆ ತಂಡದ ಜೊತೆ ಪಯಣಿಸುತ್ತಿದ್ದ ನ್ಯಾಷನಲ್ ಫ್ರಂಟ್ ಬೆಂಬಲಿಗರು ಗೆಲುವು 1–0 ಎಂದೇ ಲೆಕ್ಕ ಹಾಕಿದರು. ಕಪ್ಪು ಮನುಷ್ಯನ ಗೋಲು ಇಂಗ್ಲೆಂಡಿನ ಗೋಲಲ್ಲ. ಈ ಗಣಿತ ಮುಖ್ಯವಾದದ್ದು, ಏಕೆಂದರೆ ಅದು ಇನ್ನೂ ಸತ್ತಿಲ್ಲ. 2021ರ ಜುಲೈ 11ರಂದು ವೆಂಬ್ಲಿಯಲ್ಲೇ ಯೂರೋ ಫೈನಲ್‌ನಲ್ಲಿ ಇಟಲಿಯೆದುರು ಪೆನಾಲ್ಟಿ ತಪ್ಪಿಸಿಕೊಂಡವರು ರಾಶ್‌ಫರ್ಡ್, ಸಾಂಚೊ ಮತ್ತು ಸಾಕಾ. ಸಾಕಾಗೆ ಆಗ ಹತ್ತೊಂಬತ್ತು. ಆ ರಾತ್ರಿ ಮೂವರ ಫೋನುಗಳಿಗೂ ಹರಿದ ಜನಾಂಗೀಯ ಕೊಳಕನ್ನು ಇಲ್ಲಿ ಮತ್ತೆ ಬರೆಯಬೇಕಿಲ್ಲ. ಕಳೆದ ವರ್ಷ ಮಹಿಳಾ ತಂಡದ ಜೆಸ್ ಕಾರ್ಟರ್ ಕೂಡ ಪಂದ್ಯಾವಳಿಯ ನಡುವೆಯೇ ಅದನ್ನು ಅನುಭವಿಸಬೇಕಾಯಿತು. ಗೆದ್ದರೆ ನಮ್ಮವರು, ಸೋತರೆ ಹೊರಗಿನವರು.

ಇಷ್ಟನ್ನು ಹೇಳಿದ ಮೇಲೆ, ಕ್ರೀಡಾಂಗಣದಿಂದ ಧ್ವಜಗಳನ್ನೇ ದೂರವಿಡಬೇಕು ಎನ್ನುವ ನಮ್ಮ ಕೆಲವು ಪ್ರಗತಿಪರ ಗೆಳೆಯರ ವಾದ ಸರಿಯೆನಿಸಬಹುದು. ನಾನು ಒಪ್ಪುವುದಿಲ್ಲ. ಕ್ರೀಡಾಂಗಣದ ಧ್ವಜಕ್ಕೆ ಒಂದು ಒಳಶಿಸ್ತು ಇದೆ: ಅದಕ್ಕೆ ಎದುರಾಳಿಯ ಧ್ವಜ ಬೇಕು. ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಬಂದ ತಂಡದ ಬೆಂಬಲಿಗರಿಗೂ ಆಸನಗಳ ಒಂದು ಪಾಲನ್ನು ಮೀಸಲಿಡುವುದು ವಾಡಿಕೆ. ಅವರ ರಾಷ್ಟ್ರಗೀತೆ ಮುಗಿಯುವವರೆಗೆ ಕಾಯಬೇಕು. ಎದುರಿನ ಗ್ಯಾಲರಿಯಲ್ಲಿ ಯಾರೂ ಇಲ್ಲದಿದ್ದರೆ ನಮ್ಮ ಕೂಗಿಗೂ ಅರ್ಥವಿಲ್ಲ. ತನ್ನ ದೇಶವನ್ನು ಪ್ರೀತಿಸುವಂತೆಯೇ ಇನ್ನೊಬ್ಬನಿಗೂ ಪ್ರೀತಿಸಲು ಒಂದು ದೇಶವಿದೆ ಎಂದು ರಾಷ್ಟ್ರೀಯತೆ ಒಪ್ಪಿಕೊಳ್ಳುವ ಅಪರೂಪದ ಜಾಗವದು. ತೊಂಬತ್ತು ನಿಮಿಷದ ಮೇಲೆ ಧ್ವಜ ಮಡಚಿ ಎಲ್ಲರೂ ಒಂದೇ ರೈಲು ಹತ್ತುತ್ತಾರೆ. ದೀಪದ ಕಂಬದ ಧ್ವಜಕ್ಕೆ ಎದುರಾಳಿ ತಂಡವಿಲ್ಲ, ಮುಗಿಯುವ ಸಮಯವೂ ಇಲ್ಲ. ಅದರ ಕೆಳಗೆ ನಡೆದು ಹೋಗುವ ಪ್ರತಿಯೊಬ್ಬನನ್ನೂ ಅದು ‘ನೀನು ಯಾರು’ ಎಂದು ಕೇಳುತ್ತದೆ. ಕಟ್ಟಿದವರೆಲ್ಲರೂ ದ್ವೇಷದಿಂದ ಕಟ್ಟಿದರೆಂದು ನಾನು ಹೇಳಲಾರೆ. ಆದರೆ ಕೇಳಿಸಿಕೊಳ್ಳುವವರಿಗೆ ಪ್ರಶ್ನೆ ಅದೇ.

ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪೊಂದರಲ್ಲಿ ಸೆಪ್ಟೆಂಬರಿನ ಮೆರವಣಿಗೆಯ ದಿನ ಒಬ್ಬರು ಬರೆದರು: “ಅವರು ಹೇಳ್ತಿರೋದು ನಮಗಲ್ಲ, ದೋಣಿಯಲ್ಲಿ ಬಂದವರಿಗೆ.” ಹಲವರು ಹೆಬ್ಬೆರಳು ಎತ್ತಿ ಅನುಮೋದಿಸಿದರು. ನಾವು ತೆರಿಗೆ ಕಟ್ಟುವವರು, ಎನ್‌ಎಚ್‌ಎಸ್‌ನ ವೈದ್ಯರು, ಸಾಫ್ಟ್‌ವೇರಿನವರು. ನಮ್ಮನ್ನು ಯಾರು ಕೇಳುತ್ತಾರೆ ಎಂಬ ಭರವಸೆ. 1979ರಲ್ಲಿ, ಸಂತ ಜಾರ್ಜನ ದಿನವಾದ ಏಪ್ರಿಲ್ 23ರಂದೇ, ನ್ಯಾಷನಲ್ ಫ್ರಂಟ್ ಸೌತಾಲ್‌ನ ಪುರಭವನದಲ್ಲಿ ಸಭೆ ನಡೆಸಿತು. ಅದನ್ನು ವಿರೋಧಿಸಿ ಬೀದಿಗಿಳಿದವರಲ್ಲಿ ಬಹುಪಾಲು ಜನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ, ತೆರಿಗೆ ಕಟ್ಟುತ್ತಿದ್ದ ಪಂಜಾಬಿಗಳು. ಅವರ ಜೊತೆ ನಿಂತ ಬ್ಲೇರ್ ಪೀಚ್ ಎಂಬ ನ್ಯೂಜಿಲೆಂಡ್ ಮೂಲದ ಶಿಕ್ಷಕ ಅಂದು ತಲೆಗೆ ಬಿದ್ದ ಪೆಟ್ಟಿನಿಂದ ಸತ್ತರು. ಸೌತಾಲ್ ಇರುವುದು ಈಲಿಂಗ್ ಬರೋದಲ್ಲಿ. ಇಪ್ಪತ್ತೆರಡು ವರ್ಷಗಳ ನಂತರ ಅದೇ ಈಲಿಂಗ್‌ನಲ್ಲಿ ಸಾಕಾ ಹುಟ್ಟಿದರು. ಇಂದು ಆ ಹುಡುಗನ ಎದೆಯ ಮೇಲೆ ಇಂಗ್ಲೆಂಡಿನ ಮೂರು ಸಿಂಹಗಳಿದ್ದರೆ ಅದರ ಹಿಂದೆ ಸೌತಾಲ್‌ನ ಆ ಸಂಜೆಯೂ ಇದೆ. ನಾವು ಇಲ್ಲಿ ನಿಶ್ಚಿಂತೆಯಿಂದ ರಾಜ್ಯೋತ್ಸವ ಆಚರಿಸುವುದರ ಹಿಂದೆಯೂ ಅದೇ ಇದೆ.

ನಮ್ಮ ನಿಷ್ಠೆಯನ್ನು ಕ್ರೀಡಾಂಗಣದಲ್ಲಿ ಅಳೆಯಬೇಕೆಂದು ಬಹಿರಂಗವಾಗಿ ಹೇಳಿದವರು ನಾರ್ಮನ್ ಟೆಬಿಟ್, 1990ರಲ್ಲಿ. ಏಷ್ಯಾದಿಂದ ಬಂದವರು ಕ್ರಿಕೆಟ್‌ನಲ್ಲಿ ಯಾವ ತಂಡಕ್ಕೆ ಜೈ ಎನ್ನುತ್ತಾರೆ ಎಂಬುದೇ ಅವರ ಪರೀಕ್ಷೆ. ಕಳೆದ ಜುಲೈನಲ್ಲಿ ಟೆಬಿಟ್ ತೀರಿಕೊಂಡರು. ಒಂದು ತಿಂಗಳೊಳಗೆ, ಆಗಸ್ಟ್ 4ರಂದು, ಓವಲ್ ಮೈದಾನದಲ್ಲಿ ಭಾರತ ಆರು ರನ್‌ಗಳಿಂದ ಟೆಸ್ಟ್ ಗೆದ್ದಿತು. ಸಿರಾಜ್ ಜೊತೆ ನಮ್ಮ ಪ್ರಸಿದ್ಧ್ ಕೃಷ್ಣ ಎಂಟು ವಿಕೆಟ್ ಪಡೆದಿದ್ದರು. ನಾನು ಆ ಪರೀಕ್ಷೆಯಲ್ಲಿ ಸಂತೋಷದಿಂದ ನಪಾಸಾದೆ. 1971ರ ಆಗಸ್ಟ್ 23ರಂದು ಅದೇ ಓವಲ್‌ನಲ್ಲಿ ಮೈಸೂರಿನ ಚಂದ್ರಶೇಖರ್, ಪೋಲಿಯೊದಿಂದ ಸೊರಗಿದ ಆ ಬಲಗೈಯಿಂದಲೇ, 38 ರನ್‌ಗಳಿಗೆ ಆರು ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಕೆಡವಿದಾಗ ಹಿಂದಿನ ತಲೆಮಾರಿನವರೂ ಹಾಗೆಯೇ ನಪಾಸಾಗಿದ್ದರು. ಮರುದಿನ ಗಣೇಶ ಚೌತಿ. ಅಭಿಮಾನಿಗಳು ಚೆಸಿಂಗ್ಟನ್ ಮೃಗಾಲಯದಿಂದ ಬೆಲ್ಲಾ ಎಂಬ ಆನೆಯನ್ನೇ ಮೈದಾನಕ್ಕೆ ಕರೆತಂದಿದ್ದರು. ಅದೇ ವರ್ಷ ಬ್ರಿಟಿಷ್ ಸಂಸತ್ತು ನಮ್ಮಂಥವರ ಬರುವಿಕೆಗೆ ಕಡಿವಾಣ ಹಾಕುವ ವಲಸೆ ಕಾಯಿದೆಯನ್ನು ಅಂಗೀಕರಿಸಿತು. ಹೃದಯಕ್ಕೆ ಎರಡು ಊರುಗಳಿರಬಹುದು, ಅದರಿಂದ ಯಾರಿಗೂ ದ್ರೋಹವಾಗದು ಎಂದು ನಾವು ಐವತ್ತು ವರ್ಷಗಳಿಂದ ಈ ದೇಶಕ್ಕೆ ಹೇಳುತ್ತಲೇ ಬಂದಿದ್ದೇವೆ.

ಹಾಗಾದರೆ ಅದೇ ಮಾತನ್ನು ಊರಿಗೆ ಹೇಳುವಾಗ ನಮ್ಮ ನಾಲಗೆ ಏಕೆ ತೊದಲುತ್ತದೆ?

2017ರ ಜೂನ್ 18. ಮತ್ತೆ ಓವಲ್. ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಪಾಕಿಸ್ತಾನ ಭಾರತವನ್ನು 180 ರನ್‌ಗಳಿಂದ ಸೋಲಿಸಿತು. ನಾನು ನೀಲಿ ಅಂಗಿ ತೊಟ್ಟು ಹೋಗಿದ್ದೆ. ನಮ್ಮ ಬೀದಿಯ ಲಾಹೋರ್ ಮೂಲದ ನೆರೆಯವರು ಹಸಿರು ಅಂಗಿ, ಹೆಗಲ ಮೇಲೆ ಧ್ವಜ. ಹಿಂದಿರುಗುವಾಗ ಟ್ಯೂಬಿನಲ್ಲಿ ಎದುರಾದರು. “ಬೇಜಾರು ಮಾಡ್ಕೋಬೇಡಿ ಬೆಹನ್‌ಜೀ, ಎಷ್ಟು ಸಲ ನಾವು ಸೋತಿಲ್ಲ” ಎಂದು ನಕ್ಕು ತಮ್ಮ ಸೀಟು ಬಿಟ್ಟುಕೊಟ್ಟರು. ಇಬ್ಬರ ಪಾಸ್‌ಪೋರ್ಟೂ ಬ್ರಿಟಿಷ್. ಆ ದಿನ ಇಬ್ಬರೂ ಕೂಗಿದ್ದು ಬೇರೆ ದೇಶಗಳಿಗೆ. ಯಾರೂ ನಮ್ಮನ್ನು ತಡೆಯಲಿಲ್ಲ. ಅದೇ ಪಂದ್ಯದ ಫಲಿತಾಂಶವನ್ನು ಸಂಭ್ರಮಿಸಿದರೆಂಬ ಆರೋಪದ ಮೇಲೆ ಮಧ್ಯಪ್ರದೇಶದ ಬುರ್ಹಾನ್‌ಪುರ ಜಿಲ್ಲೆಯ ಮೋಹದ್ ಗ್ರಾಮದಲ್ಲಿ ಹದಿನೈದು ಮುಸ್ಲಿಮರನ್ನು ಬಂಧಿಸಿ ರಾಜದ್ರೋಹದ ಮೊಕದ್ದಮೆ ಹೂಡಲಾಯಿತು. ರಾಜದ್ರೋಹದ ಕಲಮನ್ನು ಬಳಿಕ ಕೈಬಿಟ್ಟರು. ಉಳಿದ ಪ್ರಕರಣದಿಂದ ಅವರು ಖುಲಾಸೆಯಾದದ್ದು 2023ರಲ್ಲಿ. ಆರು ವರ್ಷ. ಓವಲ್‌ನಲ್ಲಿ ನನ್ನ ನೆರೆಯವರು ಬಹಿರಂಗವಾಗಿ ಮಾಡಿದ್ದನ್ನು ತಾವು ಮಾಡಿಲ್ಲವೆಂದು ಸಾಬೀತುಪಡಿಸಲು ಆ ಬಡ ಕುಟುಂಬಗಳಿಗೆ ಆರು ವರ್ಷ ಬೇಕಾಯಿತು.

ದೂರದ ಮಾತೇಕೆ? 2023ರ ಅಕ್ಟೋಬರ್ 20ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನ–ಆಸ್ಟ್ರೇಲಿಯಾ ಪಂದ್ಯ ನಡೆದಾಗ, ತನ್ನ ದೇಶದ ಹೆಸರು ಕೂಗಿದ ಪಾಕಿಸ್ತಾನಿ ಪ್ರೇಕ್ಷಕನೊಬ್ಬನನ್ನು ಪೊಲೀಸ್ ಅಧಿಕಾರಿಯೊಬ್ಬರು ತಡೆದ ದೃಶ್ಯವನ್ನು ನಾವೆಲ್ಲ ನೋಡಿದೆವು. ಆರು ದಿನಗಳ ಹಿಂದೆ ಅಹಮದಾಬಾದಿನಲ್ಲಿ ಭಾರತ–ಪಾಕಿಸ್ತಾನ ಪಂದ್ಯ ನಡೆದಾಗ ಪಾಕಿಸ್ತಾನದ ಅಭಿಮಾನಿಗಳಿಗೆ ವೀಸಾ ದೊರೆತಿರಲಿಲ್ಲ. ಲಕ್ಷ ಆಸನಗಳ ಮೈದಾನ ಒಂದೇ ಬಣ್ಣದ ಕಡಲಾಗಿತ್ತು. ಎದುರಾಳಿಯ ಧ್ವಜಕ್ಕೆ ಜಾಗವಿಲ್ಲದ ಕ್ರೀಡಾಂಗಣ ದೀಪದ ಕಂಬವೇ ಆಗಿಬಿಡುತ್ತದೆ. ಟೆಬಿಟ್ ಲಂಡನ್ನಿನಲ್ಲಿ ಸೋತ ಪರೀಕ್ಷೆಯನ್ನು ನಮ್ಮವರು ಊರಿನಲ್ಲಿ ಕಾನೂನಿನ ಬಲದಿಂದ ನಡೆಸುತ್ತಿದ್ದಾರೆ. ಇಲ್ಲಿ ಅಲ್ಪಸಂಖ್ಯಾತರಾಗಿ ಆ ಪರೀಕ್ಷೆಯನ್ನು ಧಿಕ್ಕರಿಸುವ ನಾವು, ಅಲ್ಲಿ ಬಹುಸಂಖ್ಯಾತರಾಗಿ ಉತ್ತರಪತ್ರಿಕೆ ತಿದ್ದಲು ಕೂರುತ್ತೇವೆ. ಕನ್ನಡದ ಕೆಂಪು–ಹಳದಿ ಬಾವುಟಕ್ಕೂ ಈ ಮಾತು ಅನ್ವಯ. ನವೆಂಬರಿನಲ್ಲಿ ಲಂಡನ್ನಿನ ಬಾಡಿಗೆ ಸಭಾಂಗಣದಲ್ಲಿ ಅದನ್ನು ಕಂಡಾಗ ನನ್ನ ಗಂಟಲು ಕಟ್ಟುತ್ತದೆ, ಸುಳ್ಳು ಹೇಳಲಾರೆ. ಆದರೆ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಬಂದ ಬಿಹಾರದ ಕೂಲಿಯವನ ಮುಖದೆದುರು ಅದೇ ಬಾವುಟವನ್ನು ಬೀಸಿದಾಗ ಅವನಿಗೆ ಕೇಳಿಸುವುದು, ನನಗೆ ದೀಪದ ಕಂಬದ ಕೆಳಗೆ ಕೇಳಿಸಿದ್ದೇ.

ಓವಲ್ ಇರುವ ಲ್ಯಾಂಬೆತ್ ಬರೋದಲ್ಲೇ, ಥೇಮ್ಸ್ ನದಿಯ ದಂಡೆಯಲ್ಲಿ, 2015ರಿಂದ ಬಸವಣ್ಣನ ಪುತ್ಥಳಿಯಿದೆ. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದ ಕನ್ನಡಿಗ ಪ್ರವಾಸಿ ಇಲ್ಲ. ಬಂದವನನ್ನು ಯಾರವನೆಂದು ಕೇಳುವ ಬದಲು ನಮ್ಮವನೆಂದು ಎಣಿಸಬೇಕೆಂದು ಎಂಟುನೂರು ವರ್ಷಗಳ ಹಿಂದೆ ಹೇಳಿದವನ ಎದುರು ನಿಂತು, ದೋಣಿಯಲ್ಲಿ ಬಂದವರ ಬಗ್ಗೆ ವಾಟ್ಸಾಪ್‌ನಲ್ಲಿ ಹೆಬ್ಬೆರಳು ಎತ್ತುವುದು ಹೇಗೆ?

ಈ ಜೂನ್ 11ರಂದು ವಿಶ್ವಕಪ್ ಆರಂಭವಾಗುತ್ತದೆ. ಇಂಗ್ಲೆಂಡ್ ತಂಡದ ತರಬೇತುದಾರ ಥಾಮಸ್ ಟುಖೆಲ್ ಜರ್ಮನಿಯವರು. 1966ರ ಪ್ರೇಕ್ಷಕರಿಗೆ ಇದನ್ನು ಹೇಳಿದ್ದರೆ ನಂಬುತ್ತಿರಲಿಲ್ಲ. ಜೂನ್ 23ರಂದು ಇಂಗ್ಲೆಂಡ್ ಘಾನಾವನ್ನು ಎದುರಿಸಲಿದೆ. ಲಂಡನ್ನಿನಲ್ಲಿ ಘಾನಾ ಮೂಲದ ಸಾವಿರಾರು ಮನೆಗಳಿವೆ. ಆ ಮನೆಗಳ ಮಕ್ಕಳು ಅಂದು ಯಾವ ಧ್ವಜ ಹಿಡಿಯಬೇಕು? ಎರಡನ್ನೂ ಹಿಡಿಯಲಿ. ಅಥವಾ ಅಜ್ಜಿ ಯಾವುದನ್ನು ಹೇಳುತ್ತಾಳೋ ಅದನ್ನು. ಮರುದಿನ ಶಾಲೆಯಲ್ಲಿ ಅದಕ್ಕಾಗಿ ಅವರು ಯಾರಿಗೂ ಉತ್ತರ ಕೊಡಬೇಕಾಗದಿದ್ದರೆ ಸಾಕು.

ಮಗಳಿಗೆ ಕೊನೆಗೆ ಹೂಂ ಎಂದಿದ್ದೇನೆ. ಹಿಂದೆ ಸರಿದರೆ ಆ ಧ್ವಜ ವೈಟ್‌ಹಾಲ್‌ಗೆ ಬಂದವರದ್ದೇ ಆಗಿ ಉಳಿಯುತ್ತದೆ. ಸಾಕಾ, ಜೆಸ್ ಕಾರ್ಟರ್ ಅದರ ಕೆಳಗೆ ಒಂಟಿಯಾಗುತ್ತಾರೆ. ಆದರೆ ಎರಡು ಷರತ್ತುಗಳನ್ನು ಹಾಕಿದ್ದೇನೆ. ಇಂಗ್ಲೆಂಡ್ ಸೋತ ರಾತ್ರಿ ಪೆನಾಲ್ಟಿ ತಪ್ಪಿಸಿದವರು ಯಾರೇ ಆಗಿರಲಿ, ಮರುದಿನ ಬೆಳಿಗ್ಗೆಯವರೆಗೂ ಧ್ವಜ ಕಿಟಕಿಯಲ್ಲೇ ಇರಬೇಕು. ಪಂದ್ಯಾವಳಿ ಮುಗಿದ ಮೇಲೆ ಅದನ್ನು ಒಗೆದು, ಮಡಚಿ, ಬೀರುವಿನಲ್ಲಿಡಬೇಕು. ಮೊದಲನೆಯದು ಏಕೆಂದು ಅವಳಿಗೆ ತಕ್ಷಣ ಅರ್ಥವಾಯಿತು. ಎರಡನೆಯದಕ್ಕೆ “ಯಾಕೆ, ಚೆನ್ನಾಗಿ ಕಾಣುತ್ತಲ್ಲಾ?” ಎಂದು ಕೇಳಿದಳು. ಅದನ್ನು ವಿವರಿಸಲು ಜುಲೈವರೆಗೆ ಸಮಯವಿದೆ.