ಅಗ್ಗದ ಆನೆ

‘ಸಣ್ಣ ಕಾರಿನ ದುಡ್ಡಿಗೇ ಹಳೇ ರೇಂಜ್ ರೋವರ್ ಸಿಗ್ತದಪ್ಪಾ’ ಎಂದು ಇಂಗ್ಲೆಂಡಿನಲ್ಲಿ ಓದುವ ಮಗ ಫೋನ್ ಮಾಡಿದರೆ ಇಲ್ಲಿ ಅಪ್ಪನ ಎದೆ ಉಬ್ಬುವುದು ಸಹಜ. ಆದರೆ ಹಿಗ್ಗಲು ತುಸು ತಡೆಯಬೇಕು.

ಈ ಗಾಡಿಯ ಎರಡನೇ ತಲೆಮಾರು ಬಂದದ್ದು 1994ರಲ್ಲಿ. ಅದರ ನಾಲ್ಕೂ ಚಕ್ರಗಳ ಮೇಲೆ ಉಕ್ಕಿನ ಸ್ಪ್ರಿಂಗಿಗೆ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳು. ಹೊಸದರಲ್ಲಿ ಹಳ್ಳದಿಣ್ಣೆಯ ದಾರಿಯೂ ತೊಟ್ಟಿಲಿನಂತೆ! ವರ್ಷಗಳು ಕಳೆದಂತೆ ರಬ್ಬರು ಬಿರುಕು ಬಿಡುತ್ತದೆ, ಗಾಳಿ ಸೋರುತ್ತದೆ. ಸೋರಿದ್ದನ್ನು ತುಂಬಲು ಬಿಡುವಿಲ್ಲದೆ ದುಡಿಯುವ ಪುಟ್ಟ ಕಂಪ್ರೆಸರ್ ಕೊನೆಗೆ ಕೆಟ್ಟುಹೋಗುತ್ತದೆ. ರಾತ್ರಿ ನೆಟ್ಟಗೆ ನಿಂತ ಗಾಡಿ ಬೆಳಿಗ್ಗೆ ಆನೆಯಂತೆ ಕುಸಿದು ಕೂತಿರುತ್ತದೆ. ಬೇಸತ್ತು ಚೀಲ ಕಿತ್ತು ಮಾಮೂಲಿ ಸ್ಪ್ರಿಂಗ್ ಹಾಕಿಸಿಕೊಂಡವರು ಅನೇಕರು. ಸುಖಕ್ಕೆಂದು ಕೊಂಡ ಗಾಡಿಯಿಂದ ಸುಖವನ್ನೇ ಕಿತ್ತಂತಾಯಿತು!

ಐಷಾರಾಮಿ ಗಾಡಿಯ ಬೆಲೆ ವರ್ಷಗಳೊಂದಿಗೆ ಜರ್‍ರನೆ ಇಳಿಯುತ್ತದೆ. ಬಿಡಿಭಾಗಗಳ ಬೆಲೆ, ಮೆಕ್ಯಾನಿಕ್‌ನ ಕೂಲಿ ಅದರ ಜತೆ ಇಳಿಯುವುದಿಲ್ಲ. ಎರಡು ಮೂರು ರಿಪೇರಿಗೆ ಗಾಡಿಯ ಬೆಲೆಯಷ್ಟೇ ಕೈಬಿಡಬಹುದು. ಹಾಸ್ಟೆಲಿನ ಹುಡುಗ ಅದನ್ನೆಲ್ಲಿಂದ ತಂದಾನು?

ಕೊಳ್ಳಲೇಬೇಕೆಂದಿದ್ದರೆ, ಮಾಲೀಕನ ಮನೆಗೆ ಬೆಳಿಗ್ಗೆ ಹೋಗಲಿ. ಎಂಜಿನ್ ಶುರುಮಾಡುವ ಮುನ್ನ ನಾಲ್ಕೂ ಮೂಲೆಯ ಎತ್ತರ ಟೇಪು ಹಿಡಿದು ಅಳೆಯಲಿ. ಹಳೆಯ ರಿಪೇರಿ ಬಿಲ್ಲುಗಳನ್ನು ಕೇಳಿ, ಕೂತು ಓದಲಿ.