ಗಿರಣಿ ನಿಂತ ಊರಿನಲ್ಲಿ ಕಾಯಕತತ್ತ್ವ

ಆಯ್ದಕ್ಕಿ ಮಾರಯ್ಯ ಶರಣರು ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಸತಿ ಲಕ್ಕಮ್ಮನವರು ತಿಳಿಹೇಳಿದರು. ಕಾಯಕದ ಮಹಿಮೆಯನ್ನು ಸಾರುವ ಪ್ರವಚನಗಳಲ್ಲಿ ಈ ಪ್ರಸಂಗವು ಮತ್ತೆ ಮತ್ತೆ ಬರುತ್ತದೆ. ಆದರೆ ಆಯಲು ಅಕ್ಕಿಯೇ ಇಲ್ಲವಾದ ದಿನ ಕಾಯಕಜೀವಿಯ ಗತಿಯೇನು ಎಂಬ ಪ್ರಶ್ನೆ ಅಪರೂಪ. ಈ ಪ್ರಶ್ನೆಯನ್ನು ಬದುಕಿನಲ್ಲಿಯೇ ಎದುರಿಸಿದ ಊರು ದಾವಣಗೆರೆ.

ಹತ್ತಿ ಗಿರಣಿಗಳಿಂದಾಗಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಹೆಸರಾಗಿದ್ದ ಈ ಊರಿನಲ್ಲಿ ಆ ಗಿರಣಿಗಳು ಒಂದೊಂದಾಗಿ ನಿಂತವು. ಹಳೆಯ ಯಂತ್ರಗಳು, ವಿದ್ಯುತ್ ಮಗ್ಗಗಳ ಸ್ಪರ್ಧೆ, ಕೃತಕ ನೂಲಿನ ಬಳಕೆ ಇವೆಲ್ಲವೂ ಅದಕ್ಕೆ ಕಾರಣವಾದವು. ಸುತ್ತಲಿನ ಹೊಲಗಳಲ್ಲಿ ಹತ್ತಿಯ ಸ್ಥಾನಕ್ಕೆ ಮೆಕ್ಕೆಜೋಳ ಬಂದಿತು. ಇಂದು ಡಿ.ಸಿ.ಎಂ. ಟೌನ್‌ಶಿಪ್ ಎಂಬ ಬಡಾವಣೆಯ ಹೆಸರಿನಲ್ಲಿ ಮಾತ್ರ ಹಳೆಯ ಗಿರಣಿಯೊಂದರ ನೆನಪು ಉಳಿದಿದೆ.

ಊರು ಸೋಲಲಿಲ್ಲ, ವಿದ್ಯೆಯ ಕಡೆಗೆ ತಿರುಗಿತು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಸ್ಥಾಪನೆಯಾಗಿತ್ತು. 1965ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ಚಿತ್ರದುರ್ಗದ ಜಗದ್ಗುರು ಜಯದೇವ ಮುರುಘರಾಜೇಂದ್ರ ಸ್ವಾಮಿಗಳ ಹೆಸರನ್ನು ಹೊತ್ತಿದೆ. ಬಡ ವಿದ್ಯಾರ್ಥಿಗಳಿಗಾಗಿ ಉಚಿತ ಪ್ರಸಾದನಿಲಯಗಳನ್ನು ತೆರೆದ ಪೂಜ್ಯರು ಅವರು. ಮಠಗಳೂ ಭಕ್ತ ಸಮುದಾಯವೂ ಕಟ್ಟಿದ ಇಂತಹ ಸಂಸ್ಥೆಗಳಿಂದಲೇ ದಾವಣಗೆರೆಯು ವಿದ್ಯಾನಗರಿಯಾಯಿತು. ಇದು ಹೆಮ್ಮೆಯ ಸಂಗತಿಯೇ ಸರಿ.

ಆದರೂ ಹೆಮ್ಮೆಯ ಜೊತೆಗೆ ಆತ್ಮಾವಲೋಕನವೂ ಬೇಕು. ನಲವತ್ತೈದನೆಯ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡ ಕಾರ್ಮಿಕನು ಕಾಲೇಜಿನ ಬಾಗಿಲನ್ನು ಪ್ರವೇಶಿಸಲಾರನು. ವೃತ್ತಿಶಿಕ್ಷಣದ ಶುಲ್ಕವು ಅವನ ಮಗಳಿಗೂ ಎಟುಕುವುದಿಲ್ಲ. ದಾಸೋಹದ ಪಂಕ್ತಿಯಲ್ಲಿ ಅವನಿಗೆ ಅನ್ನ ದೊರೆಯುತ್ತದೆ. ಅವನು ಕಳೆದುಕೊಂಡದ್ದು ಅನ್ನವನ್ನು ಮಾತ್ರವಲ್ಲ, ನೀಡುವ ಕೈಯನ್ನು. ಮಾರಯ್ಯನವರು ಆಯ್ದದ್ದು ತಾವು ಉಣ್ಣುವುದಕ್ಕಷ್ಟೇ ಅಲ್ಲ, ಜಂಗಮಕ್ಕೆ ನೀಡುವುದಕ್ಕೆ. ಕಾಯಕವಿಲ್ಲದವನಿಗೆ ದಾಸೋಹ ಮಾಡುವ ಭಾಗ್ಯವೂ ಇಲ್ಲವಾಗುತ್ತದೆ.

ಉದ್ಯೋಗ ಕೊಡುವುದು ಸರ್ಕಾರದ ಹೊಣೆ, ಮಠದ್ದಲ್ಲ ಎಂದು ಕೆಲವರು ಹೇಳಬಹುದು. ಅದರಲ್ಲಿ ಸತ್ಯಾಂಶವಿದೆ, ಮಠವು ಗಿರಣಿಯನ್ನು ನಡೆಸಲಾರದು. ಆದರೆ ಕಾಯಕವನ್ನು ಧರ್ಮವೆಂದು ಬೋಧಿಸುವವರಿಗೆ, ಕಾಯಕ ಕಳೆದುಕೊಂಡವನ ಕುರಿತು ಕರ್ತವ್ಯವಿಲ್ಲವೆನ್ನಲಾಗದು. ಹಾಗೆಂದರೆ ಆ ಬೋಧನೆಯು ಉದ್ಯೋಗವಿದ್ದವರ ಪ್ರಶಂಸೆ ಮಾತ್ರವಾಗುತ್ತದೆ. ಪ್ರಸಾದನಿಲಯದ ಕೋಣೆಗಳಲ್ಲಿ ಸಂಜೆಯ ವೇಳೆ ಹೊಲಿಗೆ, ವಿದ್ಯುತ್ ದುರಸ್ತಿ, ಗಣಕಯಂತ್ರದ ತರಬೇತಿ ನಡೆಸಬಹುದು. ಮಠದ ಕಾಲೇಜುಗಳಲ್ಲಿ ಕೆಲವು ಸ್ಥಾನಗಳನ್ನು ಶುಲ್ಕವಿಲ್ಲದೆ ದುಡಿಯುವವರ ಮಕ್ಕಳಿಗೆ ಮೀಸಲಿಡಬಹುದು. ಸಣ್ಣ ಕಸುಬು ಆರಂಭಿಸುವವರಿಗೆ ಭಕ್ತರ ಕಾಣಿಕೆಯಿಂದ ಬಡ್ಡಿಯಿಲ್ಲದ ಸಾಲ ನೀಡಬಹುದು. ಇವುಗಳಲ್ಲಿ ಜಾತಿ ಮತಗಳ ಎಣಿಕೆ ಸಲ್ಲದು. ಅನುಭವ ಮಂಟಪದಲ್ಲಿ ಅದು ಇರಲಿಲ್ಲ.

ಊರು ಬದಲಾದಾಗ ಕೆಲವರು ಕಳೆದುಕೊಂಡರು, ಕೆಲವರು ಗಳಿಸಿದರು. ನಿವೇಶನಗಳ ಬೆಲೆ ಏರಿ ಸಿರಿವಂತರಾದ ಭಕ್ತರಿಗೆ ಲಕ್ಕಮ್ಮನವರ ಮಾತು ಅನ್ವಯಿಸುತ್ತದೆ. ಅಗತ್ಯಕ್ಕಿಂತ ಹೆಚ್ಚಾಗಿ ಮನೆಗೆ ಬಂದುದು ಎಲ್ಲಿಂದ ಬಂದಿತೋ ಅಲ್ಲಿಗೇ, ಆ ಊರಿನ ದುಡಿಯುವ ಕೈಗಳಿಗೇ, ಮರಳಬೇಕು. ಆಗ ಮಾತ್ರ ಕಾಯಕ ಮತ್ತು ದಾಸೋಹಗಳೆರಡೂ ಒಂದೇ ತತ್ತ್ವದ ಎರಡು ಮುಖಗಳೆಂಬುದು ಆಚರಣೆಯಲ್ಲಿ ಕಾಣುತ್ತದೆ.